ನಿಕ್‌ನೇಮ್ ಅದೇ, ರಿಲೇ ಬೇರೆ

ತಿಂಗಳ 19ನೇ ತಾರೀಕಿಗೇ ವಿಪಿಎಸ್‌ನಿಂದ (ಬಾಡಿಗೆಯ ವರ್ಚುವಲ್ ಸರ್ವರ್) ಅಲರ್ಟ್: ತಿಂಗಳ ಡೇಟಾ ಟ್ರಾನ್ಸ್‌ಫರ್ 90% ಮುಗಿದಿದೆ. ಪುಣೆಯ ಹಿಂಜೆವಾಡಿಯ ಆಫೀಸಿನಲ್ಲಿ ನಾವು ಮೂವರು ಕನ್ನಡದವರು ಬಿಡುವಿದ್ದಾಗ ನೋಡಿಕೊಳ್ಳುವ ಟಾರ್ ರಿಲೇ ಅದು: ಗುರುತು ಮರೆಸಿ ಇಂಟರ್ನೆಟ್ ಬಳಸಲು ಇರುವ ಟಾರ್ ನೆಟ್‌ವರ್ಕ್‌ನಲ್ಲಿ ಟ್ರಾಫಿಕ್ ದಾಟಿಸುವ ಸರ್ವರ್. ಎಕ್ಸಿಟ್ (ಟ್ರಾಫಿಕ್ಕನ್ನು ಹೊರಗಿನ ಸೈಟುಗಳಿಗೆ ಬಿಡುವ ಕೊನೆಯ ರಿಲೇ) ಅಲ್ಲ, ಬಿಲ್ ಮಾತ್ರ ಆಫೀಸಿನದು. ಪ್ಲಾನ್ 2 ಟಿಬಿ, ಒಳಗೆ ಬರುವುದೂ ಹೊರಗೆ ಹೋಗುವುದೂ ಸೇರಿ. ಟಾರ್‌ನ ಸೆಟ್ಟಿಂಗ್ ಫೈಲ್ ಟಾರ್‌ಆರ್‌ಸಿಯಲ್ಲಿ ಟ್ರಾಫಿಕ್ ಮಿತಿ, ಅಂದರೆ ಅಕೌಂಟಿಂಗ್‌ಮ್ಯಾಕ್ಸ್, 1800 ಜಿಬಿ ಹಾಕಿ ನಿಶ್ಚಿಂತೆಯಿಂದಿದ್ದೆ.

ಎಡವಟ್ಟಾದದ್ದು ಅಲ್ಲೇ. ಆ ಮಿತಿಯನ್ನು ಎಣಿಸುವ ನಿಯಮ ಅಕೌಂಟಿಂಗ್‌ರೂಲ್ ಬರೆಯದಿದ್ದರೆ ಟಾರ್ 'ಮ್ಯಾಕ್ಸ್' ಹಿಡಿಯುತ್ತದೆ: ಒಳಗೆ, ಹೊರಗೆ ಎರಡರಲ್ಲಿ ಯಾವುದು ಹೆಚ್ಚೋ ಅದಷ್ಟೇ ಲೆಕ್ಕ. ರಿಲೇ ಬಂದದ್ದನ್ನು ಮುಂದೆ ದಾಟಿಸುತ್ತದೆ. 900 ಜಿಬಿ ಒಳಗೆ ಬಂದರೆ ಹೊರಗೂ ಹೆಚ್ಚುಕಡಿಮೆ ಅಷ್ಟೇ. ವಿಪಿಎಸ್ ಮೀಟರಿಗೆ 1800, ಟಾರ್‌ಗೆ ಇನ್ನೂ ಅರ್ಧ ಬಾಕಿ. ಅಕೌಂಟಿಂಗ್‌ರೂಲ್ ಸಮ್ (ಎರಡನ್ನೂ ಕೂಡಿಸು) ಅಂತ ಒಂದು ಸಾಲು ಇದ್ದಿದ್ದರೆ ರಿಲೇ ತಾನೇ ಹೈಬರ್ನೇಟ್ ಆಗಿ ಮುಂದಿನ ತಿಂಗಳು ಏಳುತ್ತಿತ್ತು.

ಆದರೆ ನಮ್ಮ ಮ್ಯಾನೇಜರ್ ಓವರೇಜ್ (ಮಿತಿ ಮೀರಿದ್ದಕ್ಕೆ ಶುಲ್ಕ) ಅಂದರೆ ಮೂರು ಅಪ್ರೂವಲ್ ಕೇಳುವವರು. ಆ ಹೆದರಿಕೆಗೆ ಹಳೆಯ ವಿಪಿಎಸ್ ಡಿಲೀಟ್ ಮಾಡಿ ದೊಡ್ಡ ಪ್ಲಾನಿನಲ್ಲಿ ಹೊಸದು ಎಬ್ಬಿಸಿದೆ. ಟಾರ್‌ಆರ್‌ಸಿಯ ಕಾಪಿ ಇತ್ತು: ಅದೇ ನಿಕ್‌ನೇಮ್, ಅದೇ ಕಾಂಟ್ಯಾಕ್ಟ್‌ಇನ್ಫೋ, ಬೇರೆ ರಿಲೇಗಳು ಸಂಪರ್ಕಿಸುವ ಅದೇ ಓಆರ್‌ಪೋರ್ಟ್ 9001. ಪೋರ್ಟ್ ಹೊರಗಿನಿಂದ ಸಿಗುತ್ತಿದೆ ಎಂಬ ಸಾಲು ಲಾಗ್‌ನಲ್ಲಿ ಬಿತ್ತು. ಚಹಾ ಹಿಡಿದು ಕೂತೆ.

"ಕೀ ತಗದಿಟ್ಟೀರೇನ್ರಿ?" ಅಂದರು ಧಾರವಾಡದ ಸೀನಿಯರ್.

ರಿಲೇಯ ಗುರುತಿನ ಕೀ ಫೈಲ್‌ಗಳನ್ನು ತೆಗೆದಿಟ್ಟಿರಲಿಲ್ಲ. ಡಿಲೀಟ್ ಆದ ಡಿಸ್ಕ್ ವಾಪಸ್ ಸಿಗುತ್ತದೇನೋ ಎಂದು ಸಪೋರ್ಟ್ ಚಾಟ್‌ನಲ್ಲಿ ಕಾದೆ. ಸ್ನ್ಯಾಪ್‌ಶಾಟ್ (ಡಿಸ್ಕಿನ ಕಾಪಿ) ಇರಲಿಲ್ಲ, ಇಲ್ಲ ಅಂದರು. ಮರುದಿನ ಟಾರ್ ರಿಲೇಗಳನ್ನು ಹುಡುಕುವ ವೆಬ್ ಪುಟ ರಿಲೇ ಸರ್ಚ್‌ನಲ್ಲಿ ಒಂದೇ ಹೆಸರಿನ ಎರಡು ರಿಲೇ: ಗಾರ್ಡ್ ಫ್ಲ್ಯಾಗ್ (ಬಳಕೆದಾರರ ಮೊದಲ ಕೊಂಡಿಯಾಗಬಹುದು ಎಂಬ ಗುರುತು) ಇದ್ದ ಹಳೆಯದು ಆಫ್‌ಲೈನ್, ನಮ್ಮ ಹೊಸದು ಬೋಳು.

ನೆಟ್‌ವರ್ಕ್ ಹೆಸರನ್ನು ನಂಬುವುದಿಲ್ಲ, ರಿಲೇಯ ಗುರುತಿನ ಸಂಕೇತವಾದ ಫಿಂಗರ್‌ಪ್ರಿಂಟನ್ನು ನಂಬುತ್ತದೆ. ಅದು ಹುಟ್ಟುವುದು ಟಾರ್ ಡೇಟಾ ಡೈರೆಕ್ಟರಿಯ ಕೀಸ್ ಫೋಲ್ಡರಿನಿಂದ. ಸೀಕ್ರೆಟ್ ಐಡಿ ಕೀ, ಇಡಿ25519 ಮಾಸ್ಟರ್ ಐಡಿ ಕೀ ಎರಡೂ ಬೇಕು. ಹೊಸ ಮಷೀನಿಗೆ ತಂದ ಮೇಲೆ ಫೈಲ್‌ಗಳ ಓನರ್ ಡೆಬಿಯನ್-ಟಾರ್ (ಡೆಬಿಯನ್‌ನಲ್ಲಿ ಟಾರ್ ಓಡುವ ಯೂಸರ್) ಮಾಡದಿದ್ದರೆ ಟಾರ್ ಏಳುವುದೇ ಇಲ್ಲ. ಹಳೆಯದನ್ನು ನಿಲ್ಲಿಸಿಯೇ ಹೊಸದನ್ನು ಶುರು ಮಾಡಬೇಕು. ಒಂದೇ ಕೀ ಎರಡು ಕಡೆ ಓಡಬಾರದು. ನಮ್ಮ ಎರಡನೇ ರಿಲೇಯ ಮೈಫ್ಯಾಮಿಲಿಯಲ್ಲೂ (ಒಬ್ಬರೇ ನಡೆಸುವ ರಿಲೇಗಳ ಪಟ್ಟಿ) ಸತ್ತ ಫಿಂಗರ್‌ಪ್ರಿಂಟೇ ಕೂತಿತ್ತು. ಎರಡೂ ಕಡೆ ಹೊಂದದಿದ್ದರೆ ಅದು ಫ್ಯಾಮಿಲಿಯೇ ಅಲ್ಲ.

ಹೊಸ ಕೀಗೆ ಮೊದಲ ಮೂರು ದಿನ ನೆಟ್‌ವರ್ಕ್‌ನಿಂದ ವೇಗದ ಅಳತೆಯೇ ಇಲ್ಲ, ಟ್ರಾಫಿಕ್ ಹನಿ ಹನಿ. ಗಾರ್ಡ್ ಫ್ಲ್ಯಾಗ್‌ಗೆ ಎಂಟು ದಿನವಾದರೂ ಬೇಕು. ಅದು ಸಿಕ್ಕ ಮೇಲೆ ಟ್ರಾಫಿಕ್ ಮೊದಲು ಇಳಿದು, ಒಂದು ಹದಕ್ಕೆ ಬರಲು ಎರಡು ತಿಂಗಳು ದಾಟುತ್ತದೆ. ಈಗ ಮ್ಯಾನೇಜರ್ ಕೇಳುತ್ತಿರುವುದು: ದೊಡ್ಡ ಪ್ಲಾನ್ ತೆಗೆದುಕೊಂಡು ಗ್ರಾಫ್ ಯಾಕೆ ಮಲಗಿದೆ?