ಹಳೆಯ ಮಿನಿಯಲ್ಲಿ ಸ್ಟೀರಿಯೊ

1960ರ ದಶಕದ ನನ್ನ ಮಿನಿ ಕಾರಿಗೆ ಸ್ಟೀರಿಯೊ ಹಾಕಿಸಲು ಹೊರಟಾಗ ಮೊದಲು ಪರೀಕ್ಷಿಸಿದ್ದು ಸ್ಪೀಕರ್‌ಗಳನ್ನಲ್ಲ, ಬ್ಯಾಟರಿಯ ಸಂಪರ್ಕವನ್ನು. ಆ ಕಾಲದ ಮಿನಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಕಾರಿನ ಲೋಹದ ಮೈಗೆ ಜೋಡಿಸುತ್ತಿದ್ದರು. ಇಂದಿನ ಸ್ಟೀರಿಯೊಗಳಿಗೆ ನೆಗೆಟಿವ್ ಅರ್ತ್, ಅಂದರೆ ನೆಗೆಟಿವ್ ತುದಿ ಕಾರಿನ ಮೈಗೆ ಸೇರಿರುವುದು, ಬೇಕಾದ್ದರಿಂದ, ಹಾಗೆಯೇ ಜೋಡಿಸಿದರೆ ಸೆಟ್ ಸುಟ್ಟುಹೋಗುವ ಅಪಾಯವಿದೆ. ಬ್ಯಾಟರಿಯ ತಂತಿಗಳನ್ನೂ ಇಗ್ನಿಷನ್ ಕಾಯಿಲ್‌ನ ತಂತಿಗಳನ್ನೂ ಅದಲುಬದಲು ಮಾಡಿಸಿ, ಡೈನಮೊವನ್ನು ಹೊಸ ಧ್ರುವಕ್ಕೆ ಹೊಂದಿಸಿದ ಮೇಲೆಯೇ ಖರೀದಿಯ ಮಾತು.

ಈ ಡೈನಮೊ ಕೊಡುವ ಕರೆಂಟು ಹೆಚ್ಚೆಂದರೆ 22 ಆಂಪಿಯರ್. ಎಂಜಿನ್ ನಿಧಾನವಾಗಿ ತಿರುಗುವಾಗ ಅದೂ ಸಿಗುವುದಿಲ್ಲ. ಹೆಡ್‌ಲೈಟ್, ವೈಪರ್‌ಗಳು ತಮ್ಮ ಪಾಲನ್ನು ಎಳೆದುಕೊಂಡ ಮೇಲೆ ಉಳಿಯುವುದು ಅಷ್ಟಕ್ಕಷ್ಟೇ ಆದ್ದರಿಂದ, ದೊಡ್ಡ ಸಬ್‌ವೂಫರ್‌ನ ಆಸೆ ಬಿಟ್ಟು, ಬ್ಲೂಟೂತ್ ಇರುವ ಪುಟ್ಟ ಆಂಪ್ಲಿಫೈಯರ್ ಒಂದನ್ನು ಆರಿಸಿ ಹಿಂದಿನ ಸೀಟಿನ ಕೆಳಗೆ ಅಡಗಿಸಿದೆ. ಮಿನಿಯ ಬ್ಯಾಟರಿ ಡಿಕ್ಕಿಯಲ್ಲೇ ಇರುವುದರಿಂದ ತಂತಿ ಗಿಡ್ಡದಾಯಿತು. ಬ್ಯಾಟರಿಗೆ ತೀರ ಹತ್ತಿರದಲ್ಲಿ ಫ್ಯೂಸ್ ಹಾಕಿದ್ದೇನೆ. ಸ್ಪೀಕರ್‌ಗಳನ್ನು ಅವುಗಳ ಪೆಟ್ಟಿಗೆಯ ಸಮೇತ ಹಿಂದಿನ ಶೆಲ್ಫಿನ ಮೇಲೆ ಭದ್ರಪಡಿಸಿದೆ. ಡ್ಯಾಶ್‌ಬೋರ್ಡ್ ಕೊರೆಯುವುದಂತೂ ನನ್ನ ದೃಷ್ಟಿಯಲ್ಲಿ ಅಪರಾಧವೇ.

ಎಂಜಿನ್ನಿನ ವೇಗಕ್ಕೆ ತಕ್ಕಂತೆ ಏರಿಳಿಯುತ್ತಿದ್ದ ಕೀರಲು ಸದ್ದೊಂದು ಸ್ಪೀಕರ್‌ಗಳಲ್ಲಿ ಉಳಿದಿತ್ತು. ಅರ್ತ್ ತಂತಿ ತಾಗುವ ಜಾಗದ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ, ಲೋಹ ಹೊಳೆಯುವಂತೆ ಮಾಡಿ, ಬೋಲ್ಟ್ ಬಿಗಿದಾಗ ಅದು ಅಡಗಿತು.