ಕಾಳಿಯ ದಂಡೆಯಲ್ಲಿ ಡೇರೆ: ಕಾರವಾರದಿಂದ ಅಣಶಿ, ಗಣೇಶಗುಡಿ, ಕುಳಗಿ

ಕಾರವಾರದ ಕೋಡಿಬಾಗದಲ್ಲಿ ಕಾಳಿ ಅಗಲವಾಗಿ ಹರಡಿಕೊಂಡು, ಉಬ್ಬರ-ಇಳಿತಕ್ಕೆ ತಕ್ಕಂತೆ ಉಪ್ಪುನೀರು ಹೊತ್ತು ಸಮುದ್ರ ಸೇರುತ್ತದೆ. ಜೋಯಿಡಾ ತಾಲೂಕಿನ ಡಿಗ್ಗಿಯಲ್ಲಿ ಹುಟ್ಟಿ ಇಲ್ಲಿಯವರೆಗೆ ಅದು ಹರಿಯುವುದು ಸುಮಾರು 184 ಕಿಲೋಮೀಟರ್. ಇಡೀ ಹೊಳೆ ಉತ್ತರ ಕನ್ನಡದೊಳಗೇ ಹುಟ್ಟಿ ಉತ್ತರ ಕನ್ನಡದೊಳಗೇ ಮುಗಿಯುತ್ತದೆ. ಈ ಹೊಳೆಯ ದಂಡೆಯ ಕಾಡಿನಲ್ಲಿ ಡೇರೆ ಹಾಕಿ ಮಲಗಬೇಕೆನ್ನುವವರು ಕೆಳಗಿನಿಂದ ಮೇಲಕ್ಕೆ, ಕದ್ರಾ, ಅಣಶಿ, ಕುಂಬಾರವಾಡ, ಜೋಯಿಡಾ ಮಾರ್ಗವಾಗಿ ಹೋಗುವುದು ಒಳ್ಳೆಯದು. ಹಾಗೆ ಹೋದರೆ ಹೊಳೆಯ ಸ್ವಭಾವ ದಾರಿಯಲ್ಲೇ ಅರ್ಥವಾಗುತ್ತದೆ. ಮೊದಲು ಕದ್ರಾ ಅಣೆಕಟ್ಟು ಸಿಗುತ್ತದೆ. ಅದರ ಮೇಲೆ, ರಸ್ತೆಯಿಂದ ದೂರದ ಕಣಿವೆಯಲ್ಲಿ ಕೊಡಸಳ್ಳಿ. ಇನ್ನೂ ಮೇಲೆ ನಾಗಝರಿ ವಿದ್ಯುದಾಗಾರ, ಅದಕ್ಕೆ ನೀರು ಕೊಡುವ ಬೊಮ್ಮನಹಳ್ಳಿ ಅಣೆಕಟ್ಟು, ಎಲ್ಲಕ್ಕಿಂತ ಮೇಲೆ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ. ಮಳೆಗಾಲ ಮುಗಿದ ಮೇಲೆ ಸೂಪಾದ ಕೆಳಗೆ ಕಾಳಿ ಏರುವುದಕ್ಕೂ ಇಳಿಯುವುದಕ್ಕೂ ಆಕಾಶದ ಮೋಡಕ್ಕೂ ಸಂಬಂಧವಿಲ್ಲ. ಅಣೆಕಟ್ಟಿನ ವಿದ್ಯುತ್ ಯಂತ್ರ ತಿರುಗಿದರೆ ನೀರು ಏರುತ್ತದೆ, ನಿಂತರೆ ಇಳಿಯುತ್ತದೆ. ದಂಡೆಯಲ್ಲಿ ಎಲ್ಲಿ ಕೂರಬೇಕು, ಯಾವಾಗ ನೀರಿಗಿಳಿಯಬೇಕು ಎಂಬುದೆಲ್ಲ ಇದರ ಮೇಲೆ ನಿಂತಿದೆ.

ಮೊದಲು ಜಾಗದ ಮಾತು. ಅಣಶಿ ರಾಷ್ಟ್ರೀಯ ಉದ್ಯಾನ ಮತ್ತು ದಾಂಡೇಲಿ ವನ್ಯಜೀವಿಧಾಮ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಇದರೊಳಗೆ ಕಂಡಲ್ಲಿ ಗಾಡಿ ನಿಲ್ಲಿಸಿ ಸ್ವಂತ ಡೇರೆ ಹಾಕುವಂತಿಲ್ಲ. ಹಾಗೆ ಮಾಡಿದರೆ ಅದು ವನ್ಯಜೀವಿ ಕಾಯ್ದೆಯಡಿ ಅಕ್ರಮ ಪ್ರವೇಶವಾಗುತ್ತದೆ. ಮಲಗಲು ಮೂರು ಬಗೆಯ ಜಾಗಗಳಿವೆ. ಒಂದು, ಅಣಶಿ ಮತ್ತು ಕುಳಗಿಯಲ್ಲಿರುವ ಅರಣ್ಯ ಇಲಾಖೆಯ ನಿಸರ್ಗ ಶಿಬಿರಗಳು. ಎರಡು, ದಾಂಡೇಲಿಯ ಪಕ್ಕ ಕಾಳಿಯ ದಂಡೆಯಲ್ಲೇ ಇರುವ, ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಶಿಬಿರ. ಮೂರು, ಗಣೇಶಗುಡಿ ಸುತ್ತ ಖಾಸಗಿ ಜಮೀನಿನಲ್ಲಿರುವ ಹೊಳೆಬದಿಯ ಕ್ಯಾಂಪುಗಳು. ಕುಳಗಿ ದಾಂಡೇಲಿಯಿಂದ ಅಂಬಿಕಾನಗರದ ದಾರಿಯಲ್ಲಿದೆ. ಅಲ್ಲಿ ಡೇರೆಗಳು ಕಾಡಿನ ನಡುವೆ ಇವೆ, ಹೊಳೆಗೆ ತಾಗಿಕೊಂಡಿಲ್ಲ. ಹೊಳೆಯ ಸದ್ದು ಕೇಳುತ್ತ ಮಲಗಬೇಕಾದರೆ ಎರಡನೆಯದು ಅಥವಾ ಮೂರನೆಯದು. ಸ್ವಂತ ಡೇರೆ ತರುವವರಿಗೆ ಹೆಚ್ಚಾಗಿ ಮೂರನೆಯದೇ ಗತಿ. ಆದರೆ ಮುಂಗಡ ಕೊಡುವ ಮೊದಲು ಎರಡು ಮಾತು ಕೇಳಿ: ಜಾಗ ಅರಣ್ಯದ ಗಡಿಯಿಂದ ಹೊರಗಿದೆಯೇ, ರಾತ್ರಿ ಧ್ವನಿವರ್ಧಕ ಹಾಕುತ್ತಾರೆಯೇ. ಎರಡನೆಯದಕ್ಕೆ ಹೌದು ಎಂದರೆ ಆ ಜಾಗ ಬೇಡ. ಕಾಡಿನ ಅಂಚಿನಲ್ಲಿ ರಾತ್ರಿ ಹಾಡು ಹಾಕುವವರ ಪಕ್ಕ ಮಲಗಿದರೆ ಮರುದಿನ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯೂ ಕಾಣುವುದಿಲ್ಲ, ನಿದ್ದೆಯೂ ಆಗುವುದಿಲ್ಲ.

ಕಾಲ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಡೇರೆಯ ಯೋಚನೆ ಬಿಡಿ. ಘಟ್ಟದ ಮೇಲಿನ ಮಳೆಗೆ ಯಾವ ಡೇರೆಯೂ ತಡೆಯುವುದಿಲ್ಲ, ಅಣಶಿ ಘಟ್ಟದಲ್ಲಿ ಧರೆ ಕುಸಿದು ರಸ್ತೆ ಮುಚ್ಚುವುದೂ ಉಂಟು. ಮಾರ್ಚ್ ನಂತರ ಎಲೆ ಉದುರಿ ಕಾಡು ಒಣಗುತ್ತದೆ, ಬೆಂಕಿಯ ಭಯ ಶುರುವಾಗುತ್ತದೆ.

ಕಾರವಾರದಿಂದ ದಾಂಡೇಲಿಗೆ ಈ ದಾರಿಯಲ್ಲಿ ಸುಮಾರು 110 ಕಿಲೋಮೀಟರ್. ನಕ್ಷೆಯಲ್ಲಿ ಎರಡೂವರೆ ತಾಸು ಎಂದು ಕಂಡರೂ ನಾಲ್ಕು ತಾಸು ಇಟ್ಟುಕೊಳ್ಳಿ. ಟ್ಯಾಂಕನ್ನು ಕಾರವಾರದಲ್ಲೇ ತುಂಬಿಸಿ. ಕದ್ರಾದವರೆಗೆ ರಸ್ತೆ ಹೊಳೆಯ ಜೊತೆಗೇ ಸಾಗುತ್ತದೆ, ಅಲ್ಲಿಂದ ಮುಂದೆ ಘಟ್ಟ. ತಿರುವುಗಳು ಇಕ್ಕಟ್ಟು. ಬಸ್ಸು ಎದುರಾದರೆ ಇಳಿಯುವ ಗಾಡಿಯೇ ನಿಂತು ಏರುವ ಗಾಡಿಗೆ ದಾರಿ ಬಿಡಬೇಕು. ಮೊಬೈಲ್ ಸಂಪರ್ಕ ಘಟ್ಟದಲ್ಲಿ ಕಡಿದುಹೋಗುತ್ತದೆ. ಆದ್ದರಿಂದ ನಕ್ಷೆ, ಬುಕಿಂಗ್ ಚೀಟಿ, ಗುರುತಿನ ಚೀಟಿಯ ಪ್ರತಿ ಇವನ್ನು ಮೊದಲೇ ಫೋನಿನಲ್ಲಿ ಉಳಿಸಿಕೊಳ್ಳಿ. ಕಾರವಾರದಿಂದ ಮಧ್ಯಾಹ್ನದ ಊಟ ಮುಗಿಸಿ ಹೊರಡುವವರು ಕತ್ತಲಲ್ಲಿ ಶಿಬಿರ ತಲುಪುತ್ತಾರೆ, ಕತ್ತಲಲ್ಲಿ ಡೇರೆ ಹಾಕುತ್ತಾರೆ, ಕತ್ತಲಲ್ಲಿ ತಪ್ಪು ಜಾಗ ಆರಿಸುತ್ತಾರೆ. ಬೆಳಗ್ಗೆ ಏಳಕ್ಕೆ ಬಿಟ್ಟರೆ ಘಟ್ಟದ ಮೇಲಿನ ಮಂಜೂ ಸಿಗುತ್ತದೆ, ಮಧ್ಯಾಹ್ನದ ಹೊತ್ತಿಗೆ ದಂಡೆಯೂ ಸಿಗುತ್ತದೆ.

ಕುಂಬಾರವಾಡ, ಜೋಯಿಡಾ ಕಡೆಯ ಕುಣಬಿ ಸಮುದಾಯದವರು ಬೆಳೆಯುವ ಗೆಡ್ಡೆಗೆಣಸಿಗೆ ಜಿಲ್ಲೆಯಲ್ಲೇ ಹೆಸರಿದೆ. ಸಿಕ್ಕರೆ ಕೊಳ್ಳಿ. ಕೆಸುವಿನ ಜಾತಿಯ ಗೆಡ್ಡೆಯಾದರೆ ಸಿಪ್ಪೆ ಸಹಿತ ಚೆನ್ನಾಗಿ ಬೇಯಿಸಿ, ಮುರುಗಲು ಅಥವಾ ಹುಣಸೆ ಹಾಕಿ ತಿನ್ನಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಕಾರವಾರದ ಪೇಟೆಯಲ್ಲಿ ಒಣಮೀನು ಎಷ್ಟು ಚೆನ್ನಾಗಿ ಕಂಡರೂ ಶಿಬಿರಕ್ಕೆ ಒಯ್ಯಬೇಡಿ. ಅದರ ವಾಸನೆಗೆ ಕಾಡುಹಂದಿಯೂ ಬರುತ್ತದೆ, ದಂಡೆಯಲ್ಲಾದರೆ ಮೊಸಳೆಯೂ ಬರುತ್ತದೆ.

ಈಗ ನೀರು. ಸೂಪಾ ಅಣೆಕಟ್ಟಿನ ಬುಡದಲ್ಲಿ ತಲಾ 50 ಮೆಗಾವ್ಯಾಟಿನ ಎರಡು ಯಂತ್ರಗಳಿವೆ. ಒಂದು ಯಂತ್ರ ಶುರುವಾದರೆ ಗಣೇಶಗುಡಿಯ ಕೆಳಗಿನ ಬಂಡೆಗಳು ನಿಮಿಷಗಳಲ್ಲೇ ಮುಳುಗತೊಡಗುತ್ತವೆ. ಕಾಳಿಯಲ್ಲಿ ರ್‍ಯಾಫ್ಟಿಂಗ್ ಸಾಧ್ಯವಾಗುವುದೂ ಈ ನೀರಿನಿಂದಲೇ. ಅಪಾಯ ಬರುವುದು ನೀರು ಬಿಡದ ಹೊತ್ತಿನಲ್ಲಿ. ಹೊಳೆ ತೆಳ್ಳಗಾಗಿ, ನಡುವಿನ ಬಂಡೆಗಳು ಒಣಗಿ, ನಡೆದು ದಾಟಬಹುದು ಎನಿಸುತ್ತದೆ. ಜನ ಬಂಡೆಯ ಮೇಲೆ ಬುತ್ತಿ ಬಿಚ್ಚುತ್ತಾರೆ. ಅಷ್ಟರಲ್ಲಿ ಬಂದ ದಾರಿಯ ಕಾಲುವೆ ಮೊದಲು ತುಂಬುತ್ತದೆ, ಕೂತ ಬಂಡೆ ಆಮೇಲೆ. ಆದ್ದರಿಂದ ಹಿಂದೆ ಸರಿಯಲು ದಾರಿಯಿಲ್ಲ ಎಂದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ಜಲಾಶಯದ ಆಳದಿಂದ ಬರುವ ನೀರು ತಣ್ಣಗಿರುವುದರಿಂದ ಈಜು ಬಲ್ಲವರ ಕೈಕಾಲೂ ಬೇಗ ಸೋಲುತ್ತವೆ.

ನೀರಿಗಿಳಿಯುವ ಮೊದಲು ಅಂಚಿನಲ್ಲಿ ಒಂದು ಕಲ್ಲು ಗುರುತು ಮಾಡಿ, ಅಥವಾ ಒಂದು ಕೋಲು ನೆಟ್ಟು ನೀರಿನ ಮಟ್ಟಕ್ಕೆ ಗೆರೆ ಹಾಕಿ, ಒಬ್ಬರನ್ನು ಅದನ್ನೇ ನೋಡುತ್ತ ಕೂರಿಸಿ. ನಾಲ್ಕು ಬೆರಳು ಏರಿತೆಂದರೆ ಎಲ್ಲರೂ ಮೇಲಕ್ಕೆ. ಎಲೆ, ನೊರೆ, ಕಡ್ಡಿ ಒಮ್ಮೆಲೇ ತೇಲಿ ಬರತೊಡಗಿದರೂ ಅದೇ ಸೂಚನೆ, ಏಕೆಂದರೆ ಏರುವ ನೀರು ದಂಡೆಯ ಕಸವನ್ನು ಮೊದಲು ಎತ್ತಿಕೊಳ್ಳುತ್ತದೆ. ಬಂಡೆಗಳ ಮೇಲಿನ ಬಣ್ಣ ನೋಡಲು ಕಲಿಯಿರಿ. ಕೆಳಗಿನ ಕಪ್ಪು, ಪಾಚಿ ಹಿಡಿದ ಪಟ್ಟಿ ದಿನನಿತ್ಯದ ಏರಿಳಿತದ್ದು. ಅದರ ಮೇಲೆ ಪೊದೆಗಳಿಗೆ ಸಿಕ್ಕಿಕೊಂಡ ಒಣಹುಲ್ಲು, ಚಿಂದಿ ಇರುವ ಎತ್ತರ ಮಳೆಗಾಲದ್ದು. ಡೇರೆ ಈ ಎರಡನೆಯ ಗೆರೆಗಿಂತಲೂ ಮೇಲಿರಬೇಕು. ನೀರಿನ ಅಂಚಿನಿಂದ ಕನಿಷ್ಠ ಮೂವತ್ತು ಮೀಟರ್ ದೂರ ಇಟ್ಟುಕೊಳ್ಳಿ. ಮರಳು ದಿಬ್ಬ ಎಷ್ಟೇ ಮೆತ್ತಗೆ, ಸಮತಟ್ಟಾಗಿ ಕಂಡರೂ ಅಲ್ಲಿ ಮಲಗಬಾರದು.

ಮರಳು ದಿಬ್ಬ ಬೇಡ ಎನ್ನಲು ಇನ್ನೊಂದು ಕಾರಣ ಮೊಸಳೆ. ಗಣೇಶಗುಡಿಯ ರಭಸದಲ್ಲಿ ಅವು ಕಡಿಮೆ. ದಾಂಡೇಲಿಯ ಹತ್ತಿರ ಹೊಳೆ ನಿಧಾನವಾಗಿ ಮಡುಗಟ್ಟುವಲ್ಲಿ ಬೇಕಾದಷ್ಟಿವೆ. ಚಳಿಗಾಲದ ಬೆಳಗ್ಗೆ ಬಿಸಿಲೇರಿದ ಮೇಲೆ ಬಂಡೆ, ಮರಳಿನ ಮೇಲೆ ಬಾಯಿ ತೆರೆದು ಮೈ ಕಾಯಿಸುತ್ತವೆ, ಆಚೆ ದಂಡೆಯಿಂದ ದುರ್ಬೀನಿನಲ್ಲಿ ನೋಡಲು ಅದೇ ಸರಿಯಾದ ಹೊತ್ತು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ದಂಡೆಯ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡುತ್ತವೆ. ಆಗ ಹೆಣ್ಣು ಗೂಡಿನ ಹತ್ತಿರವೇ ಇದ್ದು ಬಂದವರ ಮೇಲೆ ಏರಿಹೋಗುತ್ತದೆ. ಕೆಸರಿನಲ್ಲಿ ಹೊಟ್ಟೆ ಎಳೆದ ಜಾರು ಗುರುತು, ನಡುವೆ ಬಾಲದ ಗೆರೆ ಕಂಡರೆ ಆ ಇಳಿಜಾರು ಅದರದು. ಮಡುವಿನ ಬದಿಯಲ್ಲಿ ಪಾತ್ರೆ ತೊಳೆಯುವುದು, ಮೀನು ಕೊಯ್ಯುವುದು, ಸಂಜೆಗತ್ತಲಲ್ಲಿ ಕಾಲು ಇಳಿಬಿಟ್ಟು ಕೂರುವುದು ಬೇಡವೇ ಬೇಡ. ದಿನವೂ ಒಂದೇ ಜಾಗದಲ್ಲಿ ನೀರು ತರುವುದೂ ತಪ್ಪು, ಮೊಸಳೆ ರೂಢಿಯನ್ನು ಗಮನಿಸುವ ಪ್ರಾಣಿ. ಹಗ್ಗ ಕಟ್ಟಿದ ಬಕೆಟ್ಟು ಎಸೆದು ದೂರದಿಂದಲೇ ಎಳೆದುಕೊಳ್ಳಿ. ಸೋಪನ್ನು ಹೊಳೆಯಿಂದ ಅರವತ್ತು ಮೀಟರ್ ದೂರದಲ್ಲೇ ಬಳಸಿ. ಕುಡಿಯಲು ಶಿಬಿರದ ನೀರು ಅಥವಾ ಕುದಿಸಿದ ನೀರು. ದಾಂಡೇಲಿ ಪೇಟೆಯ ಕೆಳಗಿನ ಹೊಳೆನೀರನ್ನು ಕುದಿಸಿಯೂ ಕುಡಿಯಬೇಡಿ, ಊರಿನ ಕೊಳೆಯಲ್ಲಿರುವ ರಾಸಾಯನಿಕ ಕುದಿಸಿದರೆ ಹೋಗುವುದಿಲ್ಲ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರ್ ಲೆಕ್ಕ ಹಾಕಿ.

ಡೇರೆಯ ಜಾಗ ಆರಿಸುವಾಗ ಮೊದಲು ತಲೆ ಎತ್ತಿ ನೋಡಿ. ಹೊಳೆಮತ್ತಿ, ಕಿಂದಳ, ನಂದಿ ಮರಗಳ ಒಣಕೊಂಬೆ ಗಾಳಿಯಿಲ್ಲದ ರಾತ್ರಿಯೂ ಮುರಿದು ಬೀಳುತ್ತದೆ. ಬಿದಿರು ಮೆಳೆಯ ಬುಡವೂ ಬೇಡ, ಬಿದಿರಿನ ಎಲೆಗೆ ಕಾಡುಕೋಣ ಬರುವ ದಾರಿ ಅದು. ಸೆಗಣಿ, ಗೊರಸಿನ ಗುರುತು ಇರುವ ಕಾಲುದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲಿ. ಒಣ ತರಗೆಲೆಯನ್ನು ಕೋಲಿನಿಂದ ಸರಿಸಿ, ಕೈಯಿಂದಲ್ಲ, ಕೆಳಗೆ ಚೇಳಿರಬಹುದು. ನೆಲಕ್ಕೆ ಹಾಸುವ ತಾಡಪಾಲು ಡೇರೆಯ ತಳಕ್ಕಿಂತ ನಾಲ್ಕು ಬೆರಳು ಚಿಕ್ಕದಿರಬೇಕು. ಹೊರಗೆ ಚಾಚಿಕೊಂಡರೆ ಮೇಲಿನ ಹೊದಿಕೆಯಿಂದ ಇಳಿದ ಇಬ್ಬನಿ ಅದರ ಮೇಲೆ ಬಿದ್ದು ನೇರ ನಿಮ್ಮ ಬೆನ್ನಿನಡಿಗೆ ಹರಿಯುತ್ತದೆ. ಮಳೆ ಇಲ್ಲದೆಯೂ ಡೇರೆ ಒದ್ದೆ ಎಂದು ದೂರುವವರಲ್ಲಿ ಅರ್ಧ ಜನರ ತೊಂದರೆ ಇದು. ಉಳಿದರ್ಧ ಜನರದ್ದು ಉಸಿರಿನ ತೇವ. ಡಿಸೆಂಬರ್, ಜನವರಿಯಲ್ಲಿ ಹೊಳೆಯ ಮೇಲೆ ಮಂಜು ಕಟ್ಟುವಾಗ ಚಳಿಗೆ ಹೆದರಿ ಎಲ್ಲ ಕಿಂಡಿ ಮುಚ್ಚಿದರೆ ಒಳಗಿನ ತೇವ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಸೊಳ್ಳೆಬಲೆ ಮುಚ್ಚಿ, ಎರಡೂ ಬದಿಯ ಗಾಳಿಕಿಂಡಿ ತೆರೆದಿಡಿ. ಹೊರಹೊದಿಕೆ ಒಳಡೇರೆಗೆ ಎಲ್ಲಿಯೂ ತಾಗದಂತೆ ಹಗ್ಗ ಬಿಗಿಯಿರಿ. ದಂಡೆಯ ಸಡಿಲ ಮಣ್ಣಿನಲ್ಲಿ ತೆಳು ತಂತಿಯ ಗೂಟ ಹಿಡಿಯುವುದಿಲ್ಲ. ಒಂದಡಿ ಉದ್ದದ ಗೂಟ ತನ್ನಿ, ಅದರ ತಲೆ ಡೇರೆಯಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಿರಿ.

ತಿನ್ನುವ ಯಾವುದೂ ಡೇರೆಯೊಳಗೆ ಬೇಡ. ಬಿಸ್ಕತ್ತು, ಬಾಳೆಹಣ್ಣು, ಟೂತ್‌ಪೇಸ್ಟ್ ಕೂಡ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಾಕಿ ಗಾಡಿಯೊಳಗಿಡಿ. ಹಗಲಲ್ಲಿ ಮಂಗ, ಮುಸಿಯಗಳು ಜಿಪ್ ತೆಗೆಯಲು ತಿಳಿಯದೆ ಬಟ್ಟೆಯನ್ನೇ ಹರಿಯುತ್ತವೆ. ರಾತ್ರಿ ಕರಡಿಗೂ ಅದೇ ವಾಸನೆ ದಾರಿ ತೋರಿಸುತ್ತದೆ. ಇಲಾಖೆಯ ಶಿಬಿರದಲ್ಲಿ ಊಟ ಅಲ್ಲಿಯದೇ, ಸ್ವಂತ ಒಲೆಯ ಗೋಜಿಲ್ಲ. ಖಾಸಗಿ ಕ್ಯಾಂಪಿನಲ್ಲಿ ಅಡುಗೆ ಮಾಡುವವರು ಕುಚ್ಚಲಕ್ಕಿ ಬಿಟ್ಟು ಬೆಳ್ತಿಗೆ ಅಕ್ಕಿ, ಅವಲಕ್ಕಿ ಒಯ್ಯಿರಿ. ಕುಚ್ಚಲಕ್ಕಿ ಬೇಯಲು ಮುಕ್ಕಾಲು ತಾಸು ಬೇಕು, ಒಂದೇ ಊಟಕ್ಕೆ ಗ್ಯಾಸ್ ಡಬ್ಬಿಯ ದೊಡ್ಡ ಪಾಲು ಹೋಗುತ್ತದೆ. ಹಗುರ ಅಡುಗೆಗಾದರೆ 230 ಗ್ರಾಂ ಡಬ್ಬಿ ಇಬ್ಬರಿಗೆ ಎರಡು ದಿನ ಬರುತ್ತದೆ. ಸೌದೆಯ ಬೆಂಕಿ ಶಿಬಿರದವರು ತೋರಿಸಿದ ಕುಂಡದಲ್ಲಿ ಮಾತ್ರ. ಬಿದ್ದ ಕಟ್ಟಿಗೆಯನ್ನೂ ಕಾಡಿನಿಂದ ಆಯುವಂತಿಲ್ಲ.

ಈ ಕಾಡಿನಲ್ಲಿ ಹುಲಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಉಣುಗಿಗೆ (ಉಣ್ಣೆಹುಳಕ್ಕೆ). 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ, ಉಣುಗು ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆ ಉತ್ತರ ಕನ್ನಡದಲ್ಲೂ ಇದೆ, ಅದು ಹಬ್ಬುವುದು ಡಿಸೆಂಬರ್‌ನಿಂದ ಮೇ ವರೆಗೆ, ಅಂದರೆ ಡೇರೆಯ ಕಾಲದಲ್ಲೇ. ಮರಿ ಉಣುಗು ಸಾಸಿವೆಗಿಂತ ಚಿಕ್ಕದು, ತರಗೆಲೆಯ ಮೇಲಿರುತ್ತದೆ. ಆದ್ದರಿಂದ ಎಲೆಯ ಮೇಲೆ ಕೂರಬೇಡಿ, ಕಂಬಳಿ ಹಾಸಬೇಡಿ. ತಿಳಿಬಣ್ಣದ ಉದ್ದ ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ತೆರೆದ ಚರ್ಮಕ್ಕೆ ಕೀಟನಿವಾರಕ ಎಣ್ಣೆ ಹಚ್ಚಿ. ನಡೆದು ಬಂದ ಕೂಡಲೇ ಬಟ್ಟೆ ಬದಲಿಸಿ ಕಂಕುಳು, ಸೊಂಟ, ಮೊಣಕಾಲಿನ ಹಿಂಭಾಗ, ಕಿವಿಯ ಹಿಂದೆ ಹುಡುಕಿ. ಕಚ್ಚಿಕೊಂಡಿದ್ದರೆ ಚಿಮಟಿಗೆಯಿಂದ ಚರ್ಮಕ್ಕೆ ತಾಗಿ ಹಿಡಿದು ನೇರ ಎಳೆಯಿರಿ, ಉಗುರಲ್ಲಿ ಜಜ್ಜಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಮರಳಿದ ಎರಡು ವಾರದೊಳಗೆ ಜ್ವರ, ತಲೆನೋವು, ಸೊಂಟನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲು ಹೇಳಿ. ಉಂಬಳ (ಜಿಗಣೆ) ಇದರ ಮುಂದೆ ಏನೂ ಅಲ್ಲ, ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬಿಡುತ್ತದೆ.

ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ಕಚ್ಚಿದ ಅಂಗ ಅಲುಗದಂತೆ ದಬ್ಬೆ ಕಟ್ಟಿ, ಜೋಯಿಡಾ ಅಥವಾ ದಾಂಡೇಲಿ ಆಸ್ಪತ್ರೆಗೆ ನೇರ ಹೊರಡಿ. ಸಂಪರ್ಕ ಸಿಕ್ಕಲ್ಲಿ 108ಕ್ಕೆ ಕರೆ ಮಾಡಿ. ಡೇರೆಯ ಹೊರಗಿಟ್ಟ ಶೂ ತೊಡುವ ಮೊದಲು ಕೊಡವಿ.

ಬೆಳಗ್ಗೆ ಆರೂವರೆಯಿಂದ ಎಂಟೂವರೆ ಹಕ್ಕಿಗಳ ಹೊತ್ತು. ದಾಸ ಮಂಗಟ್ಟೆ, ಮಲಬಾರ್ ಮಂಗಟ್ಟೆ, ಬೂದು ಮಂಗಟ್ಟೆ ಈ ಕಣಿವೆಯಲ್ಲಿ ಇವೆ. ಹಣ್ಣುಬಿಟ್ಟ ಆಲ, ಅತ್ತಿ ಮರದಡಿ ಸುಮ್ಮನೆ ನಿಂತರೆ ಸಾಕು, ಹುಡುಕಿಕೊಂಡು ಅಲೆಯಬೇಕಿಲ್ಲ. ದೊಡ್ಡ ಮಂಗಟ್ಟೆಯ ರೆಕ್ಕೆಯ ಸದ್ದು ಹಕ್ಕಿ ಕಾಣುವ ಮೊದಲೇ ಕೇಳುತ್ತದೆ. ಫೆಬ್ರವರಿಯ ನಂತರ ಹೆಣ್ಣು ಪೊಟರೆಯೊಳಗೆ ಗೂಡು ಮುಚ್ಚಿಕೊಂಡು ಕೂತಿರುತ್ತದೆ. ಗಂಡು ಹಣ್ಣು ತರುವುದು ನಿಂತರೆ ತಾಯಿ, ಮರಿ ಎರಡೂ ಉಪವಾಸ. ಅದಕ್ಕೇ ಗೂಡಿನ ಮರದ ಬುಡದಲ್ಲಿ ಕ್ಯಾಮೆರಾ ಹಿಡಿದು ಕಾಯಬೇಡಿ. ಜೀಪ್ ಸಫಾರಿ ದಾಂಡೇಲಿ ಹತ್ತಿರದ ಫಣಸೋಲಿಯಿಂದ ಹೊರಡುತ್ತದೆ. ಕರಿಚಿರತೆಗೆ ಈ ಕಾಡು ಹೆಸರಾದರೂ ಅದು ಕಾಣುವುದು ಅಪರೂಪ. ಕಾಡುಕೋಣ, ಕೆಂದಳಿಲು, ಜಿಂಕೆಗೆ ಮನಸ್ಸು ಕೊಟ್ಟು ಹೋದವರು ತೃಪ್ತಿಯಿಂದ ಮರಳುತ್ತಾರೆ.

ಮರಳುವಾಗ ಡೇರೆ ಇಬ್ಬನಿಗೆ ತೊಯ್ದೇ ಇರುತ್ತದೆ. ಹಾಗೆಯೇ ಮಡಚಿದರೂ ಚಿಂತೆಯಿಲ್ಲ, ಆದರೆ ಕಾರವಾರ, ಅಂಕೋಲಾ, ಕುಮಟಾದ ಮನೆ ಸೇರಿದ ದಿನವೇ ಬಿಚ್ಚಿ ನೆರಳಿನಲ್ಲಿ, ಜಗಲಿಯಲ್ಲಿ ಹರಡಿ. ಕರಾವಳಿಯ ತೇವಕ್ಕೆ ಎರಡು ಮೂರು ದಿನದಲ್ಲೇ ಬೂಸಲು ಹಿಡಿಯುತ್ತದೆ. ಒದ್ದೆಯಾಗಿ ಉಳಿದರೆ ಬಟ್ಟೆಯ ಒಳಬದಿಯ ಪಾಲಿಯುರಿಥೇನ್ ಲೇಪ ಕ್ರಮೇಣ ಒಡೆದು ಅಂಟಂಟಾಗುತ್ತದೆ, ಹುಳಿ ವಾಸನೆ ಬರುತ್ತದೆ. ಆ ಡೇರೆ ಮತ್ತೆ ನೀರು ತಡೆಯುವುದಿಲ್ಲ. ಬಿಸಿಲಿಗೆ ಹಾಕಬೇಡಿ, ಬಟ್ಟೆಯ ನೂಲು ಸಾಯುತ್ತದೆ. ಪೂರ್ತಿ ಒಣಗಿದ ಮೇಲೆ ಅದರ ಚೀಲದಲ್ಲಿ ಬಿಗಿದು ತುರುಕದೆ, ಹಳೆಯ ದಿಂಬಿನ ಕವರಿನಲ್ಲಿ ಸಡಿಲವಾಗಿ ಹಾಕಿ ಗೋಡೆಗೆ ತಾಗದಂತೆ ತೂಗುಹಾಕಿ.