ಬರೆದು ಅಳಿಸುವ ದೇವರು

ನವಾಹೋ ಜನರ ಮರಳುಚಿತ್ರಗಳ ಗುಂಗು ಹಿಡಿದಿದೆ. ಅಮೆರಿಕದ ಅರಿಜೋನಾ, ನ್ಯೂ ಮೆಕ್ಸಿಕೋ ಕಡೆಯ ಮೂಲನಿವಾಸಿಗಳು ಇವರು. ಕೆಳಗಿನ ಲೋಕಗಳನ್ನು ಒಂದೊಂದಾಗಿ ದಾಟಿ ಈ ಲೋಕಕ್ಕೆ ಹತ್ತಿ ಬಂದೆವು ಅನ್ನುವುದು ಇವರ ಸೃಷ್ಟಿಕಥೆ. ಯಾರಿಗಾದರೂ ಕಾಯಿಲೆಯಾದರೆ, ಮಂತ್ರ ಹಾಡುವ ಹಿರಿಯರು ಮನೆಯ ನೆಲದ ಮೇಲೆ ದೇವತೆಗಳನ್ನು ಬಿಡಿಸುತ್ತಾರೆ. ಬೆರಳ ಸಂದಿಯಿಂದ ಪುಡಿ ಜಾರಿಸುತ್ತಾ, ಥೇಟ್ ನಮ್ಮ ರಂಗೋಲಿ ಥರ. ಬಿಳಿಗೆ ಜಿಪ್ಸಮ್, ಕಪ್ಪಿಗೆ ಇದ್ದಿಲು. ಎರಡನ್ನೂ ಬೆರೆಸಿದರೆ ಅದೇ ಇವರ ನೀಲಿ! ಮೂರು ಕಡೆ ಕಾಮನಬಿಲ್ಲಿನ ಕಾವಲು, ಪೂರ್ವಕ್ಕೆ ಮಾತ್ರ ಬಾಗಿಲು ತೆರೆದಂತೆ ಖಾಲಿ. ಆಮೇಲೆ ರೋಗಿಯನ್ನು ಚಿತ್ರದ ಮೇಲೇ ಕೂರಿಸಿ, ಅದರ ಮರಳನ್ನೇ ಮೈಗೆ ಹಚ್ಚುತ್ತಾರೆ. ವಿಧಿ ಮುಗಿದರೆ ಎಲ್ಲ ಅಳಿಸಿ, ಮರಳನ್ನು ಹೊರಗೆ ಹಾಕಿಬಿಡುತ್ತಾರೆ.

ಅಂಗಡಿಯಲ್ಲಿ ಹಲಗೆಗೆ ಅಂಟಿಸಿ ಮಾರುವ ಚಿತ್ರಗಳಲ್ಲಿ ಬೇಕಂತಲೇ ಬಣ್ಣವನ್ನೋ ಆಕಾರವನ್ನೋ ಬದಲಿಸುವುದುಂಟು. ಅಸಲಿ ದೇವರನ್ನು ಮಾರೋಕಾಗಲ್ಲ ಅಲ್ವಾ? ಆದರೆ ಹಾಸ್ಟೀನ್ ಕ್ಲಾ ಅನ್ನುವ ಹಿರಿಯರು ಈ ಚಿತ್ರಗಳನ್ನು ಮಗ್ಗದ ಮೇಲೆ ನೇಯ್ದೇಬಿಟ್ಟರು. ತಮ್ಮವರೇ ಸಿಟ್ಟಾದರೂ ಬಿಡಲಿಲ್ಲ. 1937ರಲ್ಲಿ ಅವರು ತೀರಿಕೊಂಡರು, ಅದೇ ವರ್ಷ ಅವರ ತಿಳಿವಳಿಕೆಯನ್ನು ಕಾಪಾಡಲು ನ್ಯೂ ಮೆಕ್ಸಿಕೋದ ಸಾಂಟಾ ಫೇಯಲ್ಲಿ ಮ್ಯೂಸಿಯಂ ಶುರುವಾಯಿತು. ಅಳಿಸಬೇಕು ಅನ್ನುವವರ ಮಾತೂ ಸರಿಯೇ. ನನ್ನ ಮನಸ್ಸು ಮಾತ್ರ ಯಾಕೋ ಕ್ಲಾ ಕಡೆಗೇ ಜಾಸ್ತಿ ವಾಲುತ್ತದೆ.